ಪ್ಲಗ್ ತೆಗೆಯಬೇಡಿ, ಫೋನ್ ಎತ್ತಿ

(ಗದಗಿನಲ್ಲಿ ಹೃದಯ ರೋಗಿಗಳು ಮತ್ತು ಅವರ ಮನೆಯವರಿಗಾಗಿ ನಡೆದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಡಾಕ್ಟರ್ ಅಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಟೆಕ್ನಿಷಿಯನ್. ಪೇಸ್‌ಮೇಕರ್ ಹಾಕಿಸಿಕೊಂಡವರು ಚೆಕಪ್‌ಗೆ ಬಂದಾಗ ಎದೆ ಮೇಲೆ ಒಂದು ಉಪಕರಣ ಇಟ್ಟು, ಪಕ್ಕದ ಯಂತ್ರದಲ್ಲಿ ಲೆಕ್ಕ ಓದಿ, ಪ್ರಿಂಟ್ ತೆಗೆದು ಡಾಕ್ಟರ್ ಕೈಗೆ ಕೊಡುತ್ತಾರಲ್ಲ, ಆ ಕೆಲಸ ನನ್ನದು. ಈಚಿನ ವರ್ಷಗಳಲ್ಲಿ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಬೆಳಗ್ಗೆ ಬಂದ ಕೂಡಲೇ ಕಂಪ್ಯೂಟರ್ ತೆರೆದು, ರಾತ್ರಿ ಯಾರ ಯಾರ ಮನೆಯಿಂದ ಏನು ಸುದ್ದಿ ಬಂದಿದೆ ಅಂತ ನೋಡುವುದು. ಇವತ್ತು ಹೇಳಬೇಕಿರುವುದು ಈ ಎರಡನೇ ಕೆಲಸದ ಬಗ್ಗೆ. ರೋಗಿ ಮುಂಡರಗಿಯಲ್ಲಿ ಮಲಗಿರುತ್ತಾರೆ, ಅವರ ಎದೆಯೊಳಗಿನ ಯಂತ್ರದ ವರದಿ ಹುಬ್ಬಳ್ಳಿಯಲ್ಲಿ ನನ್ನ ಮುಂದೆ ಇರುತ್ತದೆ. ಇದು ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ, ನಿಮ್ಮಿಂದ ಏನು ಆಗಬೇಕು, ಅಷ್ಟು ಹೇಳುತ್ತೇನೆ.

ಮೊದಲು ಎದೆಯೊಳಗೆ ಏನಿದೆ ಅಂತ ತಿಳಿದುಕೊಳ್ಳೋಣ. ನಮ್ಮ ಕಡೆ ಎಲ್ಲದಕ್ಕೂ "ಮಷೀನ್ ಹಾಕ್ಯಾರ" ಅನ್ನುವುದು ಒಂದೇ ಮಾತು. ಆದರೆ ಮಷೀನುಗಳು ಬೇರೆ ಬೇರೆ. ಹೃದಯ ತೀರಾ ನಿಧಾನ ಬಡಿಯುವವರಿಗೆ ಹಾಕುವುದು ಪೇಸ್‌ಮೇಕರ್. ಹೃದಯ ಇದ್ದಕ್ಕಿದ್ದಂತೆ ಅಪಾಯದ ವೇಗಕ್ಕೆ ಹೋಗುವ ಭಯ ಇದ್ದವರಿಗೆ ಐಸಿಡಿ. ಅದು ಒಳಗಿನಿಂದಲೇ ಶಾಕ್ ಕೊಟ್ಟು ಬಡಿತವನ್ನು ಸರಿದಾರಿಗೆ ತರುತ್ತದೆ. ಹೃದಯದ ಶಕ್ತಿ ಕುಗ್ಗಿ, ಎಡ ಬಲ ಭಾಗಗಳು ಹೊಂದಿಕೊಂಡು ಬಡಿಯದಿದ್ದಾಗ ಹಾಕುವುದು ಸಿಆರ್‌ಟಿ. ಇನ್ನು ಲೂಪ್ ರೆಕಾರ್ಡರ್ ಅಂತ ಒಂದಿದೆ. ಅದು ಯಾವ ಚಿಕಿತ್ಸೆಯನ್ನೂ ಮಾಡುವುದಿಲ್ಲ, ಬಡಿತ ಬರೆದುಕೊಳ್ಳುತ್ತದೆ ಅಷ್ಟೇ. ನಿಮಗೆ ಹಾಕಿರುವುದು ಯಾವುದು ಅಂತ ನಿಮ್ಮ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಡಿಸ್ಚಾರ್ಜ್ ಮಾಡುವಾಗ ಕೊಟ್ಟ ಕಾರ್ಡಿನಲ್ಲಿ ಅದು ಬರೆದಿರುತ್ತದೆ.

ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರ್ ಹಾಕಿದ್ದು 1958ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಮಾಡಿದವರು ರೂನೆ ಎಲ್ಮ್‌ಕ್ವಿಸ್ಟ್ ಎಂಬ ಇಂಜಿನಿಯರ್, ಹಾಕಿದವರು ಓಕೆ ಸೆನ್ನಿಂಗ್ ಎಂಬ ಸರ್ಜನ್, ಹಾಕಿಸಿಕೊಂಡವರು ಅರ್ನೆ ಲಾರ್ಸನ್. ಆ ಮೊದಲ ಯಂತ್ರ ನಡೆದದ್ದು ಕೆಲವೇ ಗಂಟೆ. ಆಮೇಲೆ ಲಾರ್ಸನ್ ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಾಯಿಸಿದರು. ಅವರು 2001ರವರೆಗೆ ಬದುಕಿದರು. ಸರ್ಜನ್‌ಗಿಂತಲೂ, ಇಂಜಿನಿಯರ್‌ಗಿಂತಲೂ ಜಾಸ್ತಿ ದಿನ ಬದುಕಿದರು ಅನ್ನುವುದು ನನಗೆ ತುಂಬ ಹಿಡಿಸುವ ಸಂಗತಿ. ಆ ಕಾಲದಲ್ಲಿ ಒಳಗಿನ ಯಂತ್ರ ಏನು ಮಾಡುತ್ತಿದೆ ಅಂತ ತಿಳಿಯಬೇಕಾದರೆ ನಾಡಿ ಹಿಡಿಯಬೇಕು, ಇಲ್ಲವೇ ಇಸಿಜಿ ತೆಗೆಯಬೇಕು. 1970ರ ದಶಕದಲ್ಲಿ ಬಡಿತದ ಸಂಕೇತವನ್ನು ಟೆಲಿಫೋನ್ ತಂತಿಯ ಮೇಲೆ ಕಳಿಸುವ ರೂಢಿ ಶುರುವಾಯಿತು. ರೋಗಿ ಏನೂ ಮಾಡದೆ, ಯಂತ್ರ ತಾನೇ ವೈರ್ ಇಲ್ಲದೆ ವರದಿ ಕಳಿಸುವ ವ್ಯವಸ್ಥೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ.

ಈಗ ನಿಮ್ಮ ಮನೆಗೆ ಕೊಟ್ಟಿರುವ ಪೆಟ್ಟಿಗೆಗೆ ಬರೋಣ. ಹಾಸಿಗೆ ಪಕ್ಕ ಇಡಿ ಅಂತ ಹೇಳಿ ಒಂದು ಚಿಕ್ಕ ಪೆಟ್ಟಿಗೆ ಕೊಟ್ಟಿರುತ್ತಾರೆ. ನೀವು ನಿದ್ದೆಯಲ್ಲಿರುವಾಗ, ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ, ಎದೆಯೊಳಗಿನ ಯಂತ್ರ ಆ ಪೆಟ್ಟಿಗೆಗೆ ರೇಡಿಯೋ ಮೂಲಕ ಮಾಹಿತಿ ಕೊಡುತ್ತದೆ. ಪೆಟ್ಟಿಗೆ ಅದನ್ನು ಮೊಬೈಲ್ ನೆಟ್‌ವರ್ಕ್ ಮೇಲೆ ಯಂತ್ರದ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಅಲ್ಲಿಂದ ನಾವು ತೆರೆದು ನೋಡುತ್ತೇವೆ. ಕೆಲವು ಮಾದರಿಗಳು ದಿನಾ ಕಳಿಸುತ್ತವೆ. ಕೆಲವು ಏನಾದರೂ ಏರುಪೇರಾದಾಗ ಕಳಿಸುತ್ತವೆ, ಜೊತೆಗೆ ಮೂರು ತಿಂಗಳಿಗೊಮ್ಮೆ ಪೂರ್ತಿ ವರದಿ ಕೊಡುತ್ತವೆ. ಹೊಸ ಮಾದರಿಗಳಲ್ಲಿ ಪೆಟ್ಟಿಗೆಯೇ ಇಲ್ಲ, ನಿಮ್ಮ ಮೊಬೈಲಿನ ಬ್ಲೂಟೂತ್ ಮತ್ತು ಒಂದು ಆ್ಯಪ್ ಸಾಕು.

ಎದೆಯಿಂದ ಪೆಟ್ಟಿಗೆಗೆ ಸಂಕೇತ ಮುಟ್ಟುವುದು ಎರಡು ಮೂರು ಮೀಟರ್ ಅಷ್ಟೇ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಮ್ಮ ಕಡೆ ಜಾಸ್ತಿ ಕೆಡುವುದು ಇಲ್ಲೇ. ಪೆಟ್ಟಿಗೆ ಬೆಲೆಬಾಳುವ ವಸ್ತು ಅಂತ ತಿಜೋರಿಯಲ್ಲಿ ಇಟ್ಟವರಿದ್ದಾರೆ. ದೇವರ ಜಗುಲಿ ಮೇಲೆ ಇಟ್ಟು ದಿನಾ ವಿಭೂತಿ ಹಚ್ಚುವ ಮನೆಯನ್ನೂ ನೋಡಿದ್ದೇನೆ. ಅವರ ಭಕ್ತಿ ದೊಡ್ಡದು, ಆದರೆ ಅಜ್ಜ ಮಲಗುವುದು ಹೊರಗಿನ ಪಡಸಾಲೆಯಲ್ಲಿ. ಬೇಸಿಗೆ ಬಂತೆಂದರೆ ಗದಗ, ರೋಣ, ನರಗುಂದದ ಕಡೆ ಮಾಳಿಗೆ ಮೇಲೆ ಹಾಸಿಗೆ ಏರುತ್ತದೆ. ಪೆಟ್ಟಿಗೆ ಕೆಳಗೇ ಉಳಿಯುತ್ತದೆ. ಸುಗ್ಗಿಯಲ್ಲಿ ಯಜಮಾನರು ಕಣದಲ್ಲಿ ಕಾವಲು ಮಲಗುತ್ತಾರೆ. ಆಗ ನನ್ನ ಕಂಪ್ಯೂಟರಿನಲ್ಲಿ "ಸಂಪರ್ಕ ಇಲ್ಲ" ಅನ್ನುವ ಹೆಸರುಗಳ ಪಟ್ಟಿ ಉದ್ದ ಆಗುತ್ತಾ ಹೋಗುತ್ತದೆ. ಒಂದೆರಡು ರಾತ್ರಿ ತಪ್ಪಿದರೆ ಚಿಂತೆ ಇಲ್ಲ, ಕರೆಂಟ್ ಹೋದರೂ ಚಿಂತೆ ಇಲ್ಲ. ಯಂತ್ರ ತನ್ನ ನೆನಪಿನಲ್ಲಿ ಇಟ್ಟುಕೊಂಡು ಸಂಪರ್ಕ ಸಿಕ್ಕಾಗ ಕಳಿಸುತ್ತದೆ. ವಾರಗಟ್ಟಲೆ ತಪ್ಪಿದರೆ ಮಾತ್ರ ನಾವು ನಿಮ್ಮನ್ನು ನೋಡುತ್ತಿಲ್ಲ ಅಂತಲೇ ಅರ್ಥ. ಮೊಬೈಲ್ ಚಾರ್ಜ್‌ಗೆ ಹಾಕಬೇಕು ಅಂತ ಪೆಟ್ಟಿಗೆಯ ಪ್ಲಗ್ ಕಿತ್ತು ಮರೆತುಬಿಡುವುದು ಮನೆ ಮನೆಯ ಕಥೆ. ಒಂದು ಮಲ್ಟಿಪ್ಲಗ್ ತಂದಿಡಿ, ಅಷ್ಟು ಸಾಕು.

"ಆರು ತಿಂಗಳಿಗೊಮ್ಮೆ ನಾವೇ ಬರ್ತೇವಲ್ರೀ, ಮತ್ಯಾಕ ಇದು?" ಅಂತ ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಲ್ಲಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಹಿರೇಕೆರೂರಿನವರಿಗೆ ಬಂದು ಹೋಗಲು ಒಂದು ದಿನವೇ ಬೇಕು. ಜೊತೆಗೆ ಬರುವ ಮಗನ ಕೂಲಿಯೂ ಹೋಗುತ್ತದೆ. ಅಷ್ಟು ಕಷ್ಟಪಟ್ಟು ಬಂದ ದಿನ ಎಲ್ಲ ಸರಿ ಇರುತ್ತದೆ. ತೊಂದರೆ ಹುಟ್ಟುವುದು ಎರಡು ಚೆಕಪ್‌ಗಳ ನಡುವೆ. ಅದು ಹುಟ್ಟಿದ್ದು ರೋಗಿಗೇ ಗೊತ್ತಾಗದಿರಬಹುದು.

ಲಕ್ಷ್ಮೇಶ್ವರದ ಕಡೆಯ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಐಸಿಡಿ ಹಾಕಿದ್ದರು. ಆರಾಮಾಗಿದ್ದರು. ಒಂದು ಬೆಳಗ್ಗೆ ಅವರ ವರದಿಯಲ್ಲಿ ಕೆಂಪು ಸೂಚನೆ ಬಂತು. ಹೃದಯದ ಬಡಿತವಾಗಿರಲು ಸಾಧ್ಯವೇ ಇಲ್ಲದಷ್ಟು ವೇಗದ, ಚೂರು ಚೂರಾದ ಸಂಕೇತಗಳು. ಯಂತ್ರದಿಂದ ಹೃದಯಕ್ಕೆ ಹೋಗುವ ತಂತಿ ಇದೆಯಲ್ಲ, ಲೀಡ್ ಅನ್ನುತ್ತೇವೆ, ಅದು ಒಳಗೆ ಬಿರುಕು ಬಿಟ್ಟಿತ್ತು. ಬೋರ್‌ವೆಲ್ ಮೋಟಾರಿನ ಕೇಬಲ್ ಒಳಗೆ ತಂತಿ ತುಂಡಾಗುತ್ತಾ ಬಂದರೆ, ಕೇಬಲ್ ಅಲುಗಿದಾಗೊಮ್ಮೆ ಮೋಟಾರು ಬಿಟ್ಟು ಬಿಟ್ಟು ಓಡುವುದನ್ನು ನೀವು ನೋಡಿದ್ದೀರಿ. ಇಲ್ಲಿಯೂ ಅದೇ. ಕೈ ಆಡಿಸಿದಾಗ ಲೀಡ್ ಅಲುಗಿ, ಸುಳ್ಳು ಸಂಕೇತ ಹುಟ್ಟುತ್ತದೆ. ಐಸಿಡಿ ಅದನ್ನೇ ಪ್ರಾಣ ತೆಗೆಯುವ ಬಡಿತ ಅಂತ ತಿಳಿದು, ಎಚ್ಚರ ಇರುವ ಮನುಷ್ಯನಿಗೆ ಶಾಕ್ ಕೊಟ್ಟುಬಿಡಬಹುದು. ಒಂದಾದ ಮೇಲೊಂದು ಕೊಡಬಹುದು. ಅದನ್ನು ಅನುಭವಿಸಿದವರು ಎದೆಗೆ ಒದ್ದ ಹಾಗಾಯಿತು ಅನ್ನುತ್ತಾರೆ. ಆಮೇಲೆ ಎಷ್ಟೋ ತಿಂಗಳು ಒಬ್ಬರೇ ಇರಲು ಹೆದರುತ್ತಾರೆ.

ಕೂಡಲೇ ಫೋನ್ ಮಾಡಿದೆ. ಮಗ ಎತ್ತಿದ. "ಯಾರ್ರೀ ನೀವು? ನಮ್ಮವ್ವ ಆರಾಮ ಅದಾಳ್ರೀ, ಒಳಗ ರೊಟ್ಟಿ ಬಡಿಯಾಕತ್ತಾಳ" ಅಂದ. "ಅಣ್ಣಾರ, ಮೊದಲು ಅವ್ವಾರಿಗೆ ರೊಟ್ಟಿ ಬಡಿಯೋದು ಬಿಟ್ಟು ಕೂಡಾಕ ಹೇಳ್ರಿ" ಅಂದೆ. ಅವನು ಫೋನ್ ಇಟ್ಟುಬಿಟ್ಟ. ಅವನಿಗೆ ನಾನು ದುಡ್ಡು ಹೊಡೆಯುವ ಕಳ್ಳ ಅನ್ನಿಸಿದ್ದು ಸಹಜ. ಈಗಿನ ಕಾಲದಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು, ನಿಮ್ಮ ತಾಯಿಗೆ ಅಪಾಯ ಇದೆ, ತಕ್ಷಣ ಹೊರಡಿ ಅಂದರೆ ಯಾರು ನಂಬುತ್ತಾರೆ? ಕೊನೆಗೆ ಅವರ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಸಿದೆವು. ಅವತ್ತೇ ಸಂಜೆ ಬಂದು ಸೇರಿದರು. ಶಾಕ್ ಕೊಡುವ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮಾನಿಟರ್ ಮೇಲಿಟ್ಟು ನೋಡಿಕೊಂಡು, ಆಮೇಲೆ ಹೊಸ ಲೀಡ್ ಹಾಕಿದರು. ಒಂದೂ ಸುಳ್ಳು ಶಾಕ್ ಆಗದೆ ಪಾರಾದರು.

ಇದರಲ್ಲಿ ಯಂತ್ರ ತನ್ನ ಕೆಲಸ ಮಾಡಿತು. ಪೆಟ್ಟಿಗೆಯೂ ಮಾಡಿತು. ಎಲ್ಲ ನಿಂತಿದ್ದು ಆ ಫೋನ್ ಮೇಲೆ. ನಾನು ಇವತ್ತು ಇಷ್ಟು ದೂರ ಬಂದಿರುವುದೇ ಈ ಮಾತು ಹೇಳಲಿಕ್ಕೆ. ಹೀಗೆ ದೂರದಿಂದಲೇ ನಿಗಾ ಇಡುವುದಕ್ಕೆ ರಿಮೋಟ್ ಮಾನಿಟರಿಂಗ್ ಅನ್ನುತ್ತಾರೆ. ಹಾಗಂದರೆ ಪೆಟ್ಟಿಗೆ ಅಂತ ಎಲ್ಲರೂ ತಿಳಿದಿದ್ದಾರೆ. ಪೆಟ್ಟಿಗೆ ಅದರ ಅರ್ಧ ಭಾಗ. ಆ ಕಡೆ ದಿನಾ ನೋಡುವವರು ಇರಬೇಕು, ಈ ಕಡೆ ಕರೆದರೆ ಓ ಅನ್ನುವವರು ಇರಬೇಕು.

ಇದು ನನ್ನ ಒಬ್ಬನ ಅನಿಸಿಕೆ ಅಲ್ಲ, ದೊಡ್ಡ ಅಧ್ಯಯನಗಳಲ್ಲೂ ಕಾಣುತ್ತದೆ. 2010ರಲ್ಲಿ ಅಮೆರಿಕದ ಟ್ರಸ್ಟ್ ಅಧ್ಯಯನ ಪ್ರಕಟವಾಯಿತು. ಐಸಿಡಿ ಇದ್ದವರಲ್ಲಿ ಬಡಿತ ತಪ್ಪಿದ್ದು ಡಾಕ್ಟರ್ ಕಣ್ಣಿಗೆ ಬೀಳಲು, ಬರೀ ಆಸ್ಪತ್ರೆ ಚೆಕಪ್ ನಂಬಿದವರಲ್ಲಿ ಸುಮಾರು 36 ದಿನ ಹಿಡಿಯುತ್ತಿತ್ತು. ದೂರದಿಂದ ನೋಡಿದವರಲ್ಲಿ ಎರಡು ದಿನದೊಳಗೆ. 2014ರಲ್ಲಿ ಬಂದ ಇನ್‌ಟೈಮ್ ಅಧ್ಯಯನದಲ್ಲಿ ಹೃದಯದ ಶಕ್ತಿ ಕುಗ್ಗಿದವರನ್ನು ತೆಗೆದುಕೊಂಡಿದ್ದರು. ಒಂದು ವರ್ಷದಲ್ಲಿ ತೀರಿಕೊಂಡವರು ದೂರ ನಿಗಾ ಇದ್ದವರಲ್ಲಿ ನೂರಕ್ಕೆ 3.4, ಇಲ್ಲದವರಲ್ಲಿ 8.7. ಆದರೆ ಇಂಗ್ಲೆಂಡಿನಲ್ಲಿ 1650 ಜನರ ಮೇಲೆ ಮಾಡಿ, 2017ರಲ್ಲಿ ಪ್ರಕಟವಾದ ರೆಮ್-ಎಚ್‌ಎಫ್ ಅಧ್ಯಯನದಲ್ಲಿ ಸಾವಿನಲ್ಲಿ ಏನೂ ವ್ಯತ್ಯಾಸ ಸಿಗಲಿಲ್ಲ. ಯಂತ್ರಗಳು ಅಂಥವೇ, ಹಾಗಾದರೆ ಯಾಕೆ? ನನಗೆ ಅನ್ನಿಸುವುದು ಇಷ್ಟು. ಇನ್‌ಟೈಮ್‌ನಲ್ಲಿ ಮಾಹಿತಿ ದಿನಾ ಬರುತ್ತಿತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕೂತ ಒಂದು ತಂಡ ಅದನ್ನು ಓದಿ, ರೋಗಿಯ ಆಸ್ಪತ್ರೆಗೆ ಬೆನ್ನು ಬಿದ್ದು ತಿಳಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಮಾಹಿತಿ ವಾರಕ್ಕೊಮ್ಮೆ ಬರುತ್ತಿತ್ತು. ಸುದ್ದಿ ಎಷ್ಟು ಬೇಗ ಬಂತು, ಬಂದ ಮೇಲೆ ಯಾರು ಏನು ಮಾಡಿದರು ಅನ್ನುವುದರಲ್ಲೇ ಎಲ್ಲ ಇದೆ.

ಇನ್ನು ನಾವು ಏನೇನು ನೋಡುತ್ತೇವೆ ಅನ್ನುವುದು. ಬ್ಯಾಟರಿ ಎಷ್ಟಿದೆ ಅನ್ನುವುದು ಸುಲಭದ್ದು. ಬ್ಯಾಟರಿ ಬದಲಾಯಿಸುವ ಹಂತಕ್ಕೆ ಬಂದರೆ ಯಂತ್ರವೇ ಹೇಳುತ್ತದೆ. ಹೇಳಿದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶ ಇರುತ್ತದೆ. ಗಾಬರಿಯಾಗಿ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಬರಬೇಕಿಲ್ಲ. ಹಾಗಂತ ಬೆಳೆ ಮಾರಿದ ಮೇಲೆ ನೋಡೋಣ, ಮದುವೆ ಮುಗಿದ ಮೇಲೆ ನೋಡೋಣ ಅಂತ ತಳ್ಳುತ್ತಾ ಹೋಗುವುದೂ ಸಲ್ಲದು.

ಏಟ್ರಿಯಲ್ ಫಿಬ್ರಿಲೇಶನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೃದಯದ ಮೇಲಿನ ಕೋಣೆಗಳು ಲಯ ಬಿಟ್ಟು ನಡುಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಎಷ್ಟೋ ಜನರಿಗೆ ಇದು ಒಂದಿಷ್ಟೂ ಗೊತ್ತಾಗುವುದಿಲ್ಲ. 2012ರ ಅಸರ್ಟ್ ಅಧ್ಯಯನದಲ್ಲಿ 65 ದಾಟಿದ, ಬಿಪಿ ಇರುವ, ಮೊದಲು ಈ ತೊಂದರೆ ಇಲ್ಲದ 2580 ಜನರನ್ನು ನೋಡಿದರು. ಮೂರೇ ತಿಂಗಳಲ್ಲಿ ನೂರಕ್ಕೆ ಹತ್ತು ಜನರ ಯಂತ್ರ ಇಂಥ ಸದ್ದಿಲ್ಲದ ಲಯ ತಪ್ಪುವಿಕೆಯನ್ನು ಹಿಡಿದಿತ್ತು. ಅವರಲ್ಲಿ ಲಕ್ವದ ಅಪಾಯ ಸುಮಾರು ಎರಡೂವರೆ ಪಟ್ಟು. ಹಾಗಾದರೆ ಕಂಡ ಕೂಡಲೇ ಎಲ್ಲರಿಗೂ ರಕ್ತ ತೆಳುವಾಗುವ ಮಾತ್ರೆ ಕೊಟ್ಟರಾಯಿತಲ್ಲ ಅನ್ನಬಹುದು. ಅಷ್ಟು ಸರಳ ಇಲ್ಲ. 2023ರಲ್ಲಿ ಬಂದ ಆರ್ಟೆಸಿಯಾ ಅಧ್ಯಯನದಲ್ಲಿ ಮಾತ್ರೆಯಿಂದ ಲಕ್ವ ಕಡಿಮೆಯಾಯಿತು, ರಕ್ತಸ್ರಾವ ಹೆಚ್ಚಾಯಿತು. ಎಷ್ಟು ಹೊತ್ತು ಲಯ ತಪ್ಪಿತ್ತು, ರೋಗಿಗೆ ಸಕ್ಕರೆ ಕಾಯಿಲೆ ಇದೆಯೇ, ಹೊಟ್ಟೆಯಲ್ಲಿ ಹುಣ್ಣಿದೆಯೇ, ಇದನ್ನೆಲ್ಲ ಡಾಕ್ಟರ್ ತೂಗಿ ನೋಡಬೇಕು. ಅದಕ್ಕೇ ಹೇಳುವುದು, ವರದಿ ನೋಡಿ ಅಕ್ಕಪಕ್ಕದವರ ಮಾತ್ರೆ ನುಂಗಬೇಡಿ. ನಾವು ಕರೆದರೆ ಬನ್ನಿ, ಮಾತಾಡೋಣ.

ಶ್ವಾಸಕೋಶದಲ್ಲಿ ನೀರು ತುಂಬುವ ಸೂಚನೆಯನ್ನೂ ಕೆಲವು ಯಂತ್ರಗಳು ಕೊಡುತ್ತವೆ. ಎದೆಯಲ್ಲಿ ನೀರು ಹೆಚ್ಚಾದರೆ ಕರೆಂಟ್ ಸುಲಭವಾಗಿ ಹರಿಯುತ್ತದೆ, ಆ ಬದಲಾವಣೆಯನ್ನು ಯಂತ್ರ ಅಳೆಯುತ್ತದೆ. ಹಬ್ಬ, ಜಾತ್ರೆ, ಮದುವೆ ಊಟ ಆದ ಮೇಲೆ ಉಪ್ಪು, ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾಗಿ ಕೆಲವರ ಗೆರೆ ಮೇಲೇರುವುದನ್ನು ನಾವು ನೋಡುತ್ತೇವೆ. ಆದರೆ ಈ ಸೂಚನೆ ಎಲ್ಲ ಸಲ ನಿಜ ಇರುವುದಿಲ್ಲ, ಕಫ ಕಟ್ಟಿದರೂ ಬದಲಾಗಬಹುದು. ಆದ್ದರಿಂದ ಫೋನ್ ಮಾಡಿ ಕೇಳುತ್ತೇವೆ. ತೂಕ ಏರಿದೆಯಾ? ಕಾಲು ಬಾತಿದೆಯಾ? ರಾತ್ರಿ ದಿಂಬು ಎರಡು ಬೇಕಾಗಿದೆಯಾ? ನೀವು ಕೊಡುವ ಉತ್ತರವೂ ವರದಿಯಷ್ಟೇ ಮುಖ್ಯ. ಸುಮ್ನೆ "ಆರಾಮ ಅದೀನ್ರೀ" ಅಂದುಬಿಡಬೇಡಿ. ನಮ್ಮ ಹಿರಿಯರಿಗೆ ಯಾರಿಗೂ ತೊಂದರೆ ಕೊಡಬಾರದು ಅನ್ನುವ ಸಂಕೋಚ ಬಹಳ. ಆ ಸಂಕೋಚದಿಂದ ಐಸಿಯುಗೆ ಬಂದವರನ್ನು ನೋಡಿ ನನಗೆ ಸಂಕಟ ಆಗಿದೆ.

ಈಗ ಒಂದು ಎಚ್ಚರಿಕೆ. ಇದು ಆಂಬುಲೆನ್ಸ್ ಅಲ್ಲ. ಪೆಟ್ಟಿಗೆ ಇದೆ, ಆಸ್ಪತ್ರೆಯವರು ನೋಡುತ್ತಾ ಇರುತ್ತಾರೆ ಅಂತ ಎದೆನೋವು ಬಂದರೂ ಕೂತುಕೊಳ್ಳುವವರಿದ್ದಾರೆ. ನಾವು ವರದಿ ನೋಡುವುದು ಕೆಲಸದ ಹೊತ್ತಿನಲ್ಲಿ. ಭಾನುವಾರ ರಾತ್ರಿ ಬಂದ ಸೂಚನೆ ನನ್ನ ಕಣ್ಣಿಗೆ ಬೀಳುವುದು ಸೋಮವಾರ. ಎದೆನೋವು, ಉಸಿರುಗಟ್ಟುವುದು, ಕಣ್ಣು ಕತ್ತಲಾಗಿ ಬೀಳುವುದು ಆದರೆ 108ಕ್ಕೆ ಫೋನ್ ಮಾಡಿ. ಐಸಿಡಿ ಇದ್ದವರಿಗೆ ಒಂದು ಶಾಕ್ ಆಗಿ ಆಮೇಲೆ ಆರಾಮ ಅನ್ನಿಸಿದರೆ ಅವತ್ತೇ ನಮಗೆ ತಿಳಿಸಿ. ಒಂದೇ ದಿನದಲ್ಲಿ ಎರಡು ಅಥವಾ ಹೆಚ್ಚು ಶಾಕ್ ಆದರೆ, ಇಲ್ಲವೇ ಒಂದೇ ಆದರೂ ಸುಸ್ತು, ಮಂಪರು ಇದ್ದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ.

ಆಸ್ಪತ್ರೆಗಳ ಕಡೆಯ ಮಾತನ್ನೂ ಆಡಬೇಕು, ನಿಮಗಷ್ಟೇ ಹೇಳಿ ಹೋದರೆ ಸರಿಯಾಗುವುದಿಲ್ಲ. 2023ರಲ್ಲಿ ಅಮೆರಿಕ, ಯುರೋಪ್, ಏಷ್ಯಾ-ಪೆಸಿಫಿಕ್, ಲ್ಯಾಟಿನ್ ಅಮೆರಿಕದ ಹೃದಯ ಲಯ ತಜ್ಞರ ಸಂಘಗಳು ಕೂಡಿ ಒಂದು ಮಾರ್ಗದರ್ಶಿ ಹೊರಡಿಸಿದವು. ಯಂತ್ರ ಹಾಕಿದ ಎರಡು ವಾರದೊಳಗೆ ದೂರ ನಿಗಾ ಶುರುವಾಗಬೇಕು ಅನ್ನುತ್ತದೆ ಅದು. ಸಂಪರ್ಕ ಬಿಡದೆ ಇದ್ದು, ಬೇರೆ ತೊಂದರೆ ಇಲ್ಲದವರಿಗೆ ಯಂತ್ರದ ಚೆಕಪ್‌ಗಾಗಿ ಖುದ್ದಾಗಿ ಬರುವುದನ್ನು 24 ತಿಂಗಳಿಗೊಮ್ಮೆ ಅಂತ ಮಾಡಬಹುದು ಅಂತಲೂ ಹೇಳುತ್ತದೆ. ಹಿರೇಕೆರೂರಿನವರಿಗೆ ಇದು ಎಷ್ಟು ದೊಡ್ಡ ಮಾತು ಯೋಚಿಸಿ. ಜೊತೆಗೇ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತುವುದಿಲ್ಲ. ಸಾವಿರ ರೋಗಿಗಳಿಗೆ ಇದಕ್ಕೇ ಅಂತ ಪೂರ್ತಿ ಹೊತ್ತಿನ ಮೂರು ಜನ ಇರಬೇಕಂತೆ. ನಮ್ಮಲ್ಲಿ ಈ ಕೆಲಸ ಇನ್ನೊಂದು ಕೆಲಸದ ನಡುವೆ ಆಗುತ್ತದೆ. ಪ್ರತಿ ಕಂಪನಿಗೆ ಬೇರೆ ವೆಬ್‌ಸೈಟ್, ಬೇರೆ ಪಾಸ್‌ವರ್ಡ್. ಒಂದಾದ ಮೇಲೊಂದು ತೆರೆಯುತ್ತಾ ಹೋಗಬೇಕು. ಪೆಟ್ಟಿಗೆ ಹಂಚುವುದು ಸುಲಭ, ಅದನ್ನು ಓದಲು ಜನರನ್ನು ನೇಮಿಸುವುದು ಖರ್ಚು. ಆದರೂ ಅದು ಆಗಲೇಬೇಕು. ರೋಗಿಗಳು ಕೇಳಿದರೆ ಬೇಗ ಆಗುತ್ತದೆ. ಯಂತ್ರ ಹಾಕಿಸುವ ಮೊದಲೇ ಕೇಳಿ. ಈ ಮಾದರಿಯಲ್ಲಿ ದೂರದಿಂದ ನೋಡುವ ಸೌಲಭ್ಯ ಇದೆಯಾ? ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ. ಇದ್ದರೆ, ಅದನ್ನು ನೋಡುವವರು ಯಾರು, ಅವರ ಫೋನ್ ನಂಬರ್ ಏನು, ರಜೆ ದಿನ ಏನು ವ್ಯವಸ್ಥೆ? ಸರ್ಕಾರದ ಯೋಜನೆಯಲ್ಲಿ ಹಾಕಿಸಿಕೊಂಡರೂ ಇದನ್ನು ಕೇಳುವ ಹಕ್ಕು ನಿಮಗಿದೆ.

ಹೊರಗಿನವರು ಯಾರಾದರೂ ಪೇಸ್‌ಮೇಕರ್ ಒಳಗೆ ನುಗ್ಗಿ ಕೆಡಿಸಬಹುದಾ ಅಂತ ಇಂಜಿನಿಯರಿಂಗ್ ಓದುವ ಮೊಮ್ಮಕ್ಕಳು ಕೇಳುತ್ತಾರೆ. ಭಯ ಪೂರ್ತಿ ಸುಳ್ಳಲ್ಲ. 2017ರಲ್ಲಿ ಅಮೆರಿಕದಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳ ಸಾಫ್ಟ್‌ವೇರ್‌ನಲ್ಲಿ ಇಂಥ ಲೋಪ ಇದೆ ಅಂತ ಹೇಳಿ, ರೋಗಿಗಳನ್ನು ಆಸ್ಪತ್ರೆಗೆ ಕರೆಸಿ ಸರಿಪಡಿಸಿದರು. ಅದರಿಂದ ಯಾರಿಗೂ ಕೇಡಾದ ವರದಿ ಇರಲಿಲ್ಲ. ನಿಮ್ಮ ಹಾಸಿಗೆ ಪಕ್ಕದ ಪೆಟ್ಟಿಗೆ ಮಾಹಿತಿ ಓದಿ ಕಳಿಸುತ್ತದೆ. ಅದರ ಮೂಲಕ ನಾವು ನಿಮ್ಮ ಬಡಿತದ ವೇಗ ಬದಲಾಯಿಸುವುದಿಲ್ಲ. ಸೆಟ್ಟಿಂಗ್ ಬದಲಾಯಿಸಬೇಕಾದರೆ ನೀವು ಬರಬೇಕು. ಈ ಪೆಟ್ಟಿಗೆ ಇಟ್ಟುಕೊಳ್ಳುವ ಅಪಾಯಕ್ಕಿಂತ, ಅದನ್ನು ಕಿತ್ತಿಟ್ಟು ನಿಗಾ ಕಳೆದುಕೊಳ್ಳುವ ಅಪಾಯ ಎಷ್ಟೋ ದೊಡ್ಡದು.

ಆ್ಯಪ್ ಇದ್ದವರು ಬ್ಲೂಟೂತ್ ಆಫ್ ಮಾಡಬೇಡಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಆ ಆ್ಯಪ್ ಅನ್ನು ಮುಚ್ಚದಂತೆ ನೋಡಿಕೊಳ್ಳಿ. ಮೊಬೈಲ್ ಬದಲಾಯಿಸಿದರೆ ಮತ್ತೆ ಜೋಡಿಸಬೇಕು. ಹಾಗೆಯೇ ಮೊಬೈಲನ್ನು ಅಂಗಿಯ ಮೇಲಿನ ಜೇಬಿನಲ್ಲಿ, ಯಂತ್ರದ ಮೇಲೆಯೇ ಇಟ್ಟುಕೊಳ್ಳಬೇಡಿ. 15 ಸೆಂಟಿಮೀಟರ್ ದೂರ ಇರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ವೆಲ್ಡಿಂಗ್ ಕೆಲಸ ಮಾಡುವವರು ಡಾಕ್ಟರನ್ನು ಕೇಳದೆ ಮತ್ತೆ ಆ ಕೆಲಸಕ್ಕೆ ಇಳಿಯಬೇಡಿ.

ಕೇಳಲು ಹಿಂಜರಿಯುವ ಒಂದು ವಿಷಯವನ್ನು ನಾನೇ ಹೇಳಿಬಿಡುತ್ತೇನೆ. ಮನುಷ್ಯ ತೀರಿಕೊಂಡ ಮೇಲೆ ಪೇಸ್‌ಮೇಕರ್ ಏನಾಗುತ್ತದೆ? ಅದು ಜೀವ ಹಿಡಿದು ನಿಲ್ಲಿಸಿ ನರಳಿಸುವುದಿಲ್ಲ, ಆ ಭಯ ಬೇಡ. ಮಣ್ಣು ಮಾಡುವ ಪದ್ಧತಿ ಇರುವವರು ಯಂತ್ರ ತೆಗೆಸಲೇಬೇಕು ಅಂತಿಲ್ಲ. ಸುಡುವುದಾದರೆ ಮೊದಲೇ ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಐಸಿಡಿ ಆದರೆ ಆಸ್ಪತ್ರೆಯವರು ಶಾಕ್ ನಿಲ್ಲಿಸಿದ ಮೇಲೆಯೇ ಕೈ ಹಚ್ಚಬೇಕು, ಇಲ್ಲವಾದರೆ ತೆಗೆಯುವವರಿಗೆ ಹೊಡೆಯಬಹುದು. ಆಗ ನಮಗೂ ಒಂದು ಮಾತು ತಿಳಿಸಿ. ತಿಳಿಸದಿದ್ದರೆ ನಾವು ಸಂಪರ್ಕ ಇಲ್ಲ ಅಂತ ಆ ಮನೆಗೆ ಫೋನ್ ಮಾಡುತ್ತೇವೆ, ದುಃಖದಲ್ಲಿರುವವರಿಗೆ ಮತ್ತೆ ನೋವಾಗುತ್ತದೆ.

ಮಗಳ ಮನೆಗೆ ಬೆಳಗಾವಿಗೆ ಹೋಗಲಿ, ಮಗನ ಹತ್ತಿರ ಪುಣೆಗೆ ಹೋಗಲಿ, ಒಂದೆರಡು ವಾರಕ್ಕಿಂತ ಜಾಸ್ತಿ ಇರುವುದಾದರೆ ಪೆಟ್ಟಿಗೆ ಜೊತೆಗೆ ಒಯ್ಯಿರಿ. ಆಸ್ಪತ್ರೆಯ ನಂಬರನ್ನು ಮನೆಯ ಇಬ್ಬರ ಫೋನಿನಲ್ಲಾದರೂ ಹೆಸರು ಹಾಕಿ ಸೇವ್ ಮಾಡಿ. ನಾವು ಯಾವತ್ತೂ ಓಟಿಪಿ ಕೇಳುವುದಿಲ್ಲ, ಫೋನಿನಲ್ಲಿ ದುಡ್ಡು ಹಾಕಿ ಅನ್ನುವುದಿಲ್ಲ. ಯಾರಾದರೂ ಹಾಗೆ ಕೇಳಿದರೆ ಅದು ಮೋಸ, ಇಟ್ಟುಬಿಡಿ. ಅನುಮಾನ ಬಂದರೆ ನೀವೇ ಆಸ್ಪತ್ರೆಯ ನಂಬರಿಗೆ ತಿರುಗಿ ಫೋನ್ ಮಾಡಿ ಕೇಳಿ, ನಮಗೆ ಬೇಸರ ಇಲ್ಲ. ಸಿಮ್ ಬದಲಾಯಿಸಿದರೆ ಹೊಸ ನಂಬರ್ ತಿಳಿಸಿ. ಈಗ ಹೊರಗಡೆ ಬಾಗಿಲ ಹತ್ತಿರ ಟೇಬಲ್ ಹಾಕಿದ್ದೇವೆ. ಪೇಸ್‌ಮೇಕರ್ ಕಾರ್ಡ್ ತಂದವರು ತೋರಿಸಿ, ನಿಮ್ಮ ಮಾದರಿಯನ್ನು ದೂರದಿಂದ ನೋಡಲು ಆಗುತ್ತದೋ ಇಲ್ಲವೋ ಹೇಳುತ್ತೇವೆ. ಕಾರ್ಡ್ ಕಳೆದವರು ಯಾವ ಆಸ್ಪತ್ರೆ, ಯಾವ ವರ್ಷ ಅಂತ ಬರೆಸಿ ಹೋಗಿ, ಹುಡುಕಿಕೊಡಲು ಪ್ರಯತ್ನ ಮಾಡುತ್ತೇವೆ.